ಊರಿನ ಮಾತು ಕೇಳಲು ಹೋಗುವವರಿಗೆ: ಉತ್ತರ ಕನ್ನಡದಲ್ಲಿ ಕ್ಷೇತ್ರಕಾರ್ಯದ ನೀತಿ

ಜಾನಪದ, ಮೌಖಿಕ ಇತಿಹಾಸ, ಭಾಷೆ, ಯಕ್ಷಗಾನ ಎಂದು ಯಾವುದಾದರೊಂದು ಎಳೆ ಹಿಡಿದು ಉತ್ತರ ಕನ್ನಡದ ಊರುಗಳಿಗೆ ಬರುವವರಿಗೆ ಬರವಿಲ್ಲ. ಸುಗ್ಗಿ ಬಂತೆಂದರೆ ಅಂಕೋಲೆಯ ಕೊಪ್ಪಗಳಲ್ಲಿ, ಅಂದರೆ ಪುಟ್ಟ ಕೇರಿಗಳಲ್ಲಿ, ತಲೆಗೆ ತುರಾಯಿ ಕಟ್ಟಿ ಕುಣಿಯುವವರಿಗಿಂತ ಕ್ಯಾಮೆರಾ ಹಿಡಿದವರೇ ಹೆಚ್ಚು ಕಾಣುವುದುಂಟು. ಹಾಗೆ ಬರುವ ವಿದ್ಯಾರ್ಥಿಗಳಿಗೆ ಮತ್ತು ಅವರನ್ನು ಕಳಿಸುವ ಮೇಷ್ಟ್ರುಗಳಿಗೆ ಈ ಬರಹ.

ವೈದ್ಯಕೀಯ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ, ಅದನ್ನು ನೋಡಿಕೊಳ್ಳುವ ಸಮಿತಿಗಳಿವೆ. ಕನ್ನಡ ಎಂ.ಎ. ಓದುವ ಹುಡುಗ ರೆಕಾರ್ಡರ್ ಹಿಡಿದು ಹಳ್ಳಿಗೆ ಹೊರಟರೆ ಅವನನ್ನು ತಡೆದು ಎರಡು ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ‘ನಾವೇನು ರಕ್ತ ತೆಗೆಯುತ್ತೇವೆಯೇ, ಹಾಡು ಕೇಳುತ್ತೇವಷ್ಟೆ’ ಎಂಬುದು ನಮ್ಮ ವಿಭಾಗಗಳಲ್ಲಿ ಚಾಲ್ತಿಯಲ್ಲಿರುವ ಸಮಾಧಾನ. ಬೇರೆ ಕಡೆ ಈ ಸಮಾಧಾನ ನಡೆದೀತು. ಈ ಜಿಲ್ಲೆಯಲ್ಲಿ ನಡೆಯುವುದಿಲ್ಲ.

ಕಾರಣ ಸರಳ. ಇಲ್ಲಿಯ ಬಹುಪಾಲು ನೆಲ ಸರ್ಕಾರಿ ದಾಖಲೆಯಲ್ಲಿ ಅರಣ್ಯ. ಕರಾವಳಿಯುದ್ದಕ್ಕೂ ಒಂದಲ್ಲ ಒಂದು ಯೋಜನೆ. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟೆಯಲ್ಲಿ ಊರುಗಳು ಮುಳುಗಿದವು. ಕೈಗಾದಲ್ಲಿ ಅಣುಸ್ಥಾವರ ಬಂತು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಕಾರವಾರ ಮತ್ತು ಅಂಕೋಲೆಯ ಕರಾವಳಿ ಹಳ್ಳಿಗಳವರು ಮನೆ ಬಿಟ್ಟರು. ಪರಿಹಾರದ ವ್ಯಾಜ್ಯಗಳು ದಶಕಗಟ್ಟಲೆ ನಡೆದವು. ಯಾವ ಜಾತಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಬೇಕು ಎಂಬ ಅರ್ಜಿಗಳು ಓಡಾಡುತ್ತಲೇ ಇವೆ. ಇಂಥಲ್ಲಿ ಒಬ್ಬ ಅಜ್ಜ ಮಾತಿನ ಓಘದಲ್ಲಿ ‘ನಾವು ಇಲ್ಲಿಗೆ ಬಂದದ್ದು ಇಂಥ ವರ್ಷ’ ಎಂದರೆ ಅದು ಬರಿಯ ನೆನಪಲ್ಲ, ಯಾವುದೋ ಕಡತಕ್ಕೆ ಹೋಗಿ ಕೂರಬಹುದಾದ ಹೇಳಿಕೆ. ಆದ್ದರಿಂದ ಕೆಳಗಿನ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಇವರು ಈಗ ನನಗೆ ಹೇಳಿದ್ದು ಮುಂದೆ ಎಲ್ಲೆಲ್ಲಿಗೆ ಹೋಗಬಹುದು, ಅಲ್ಲಿ ಅದರ ಫಲ ಉಣ್ಣುವವರು ಯಾರು?

ಹೊರಡುವ ಮೊದಲು

ಮೊದಲು ಗ್ರಂಥಾಲಯಕ್ಕೆ ಹೋಗಿ. ಜನರಿಗೆ ತೊಂದರೆ ಕೊಡದೆ ತಿಳಿಯಬಹುದಾದದ್ದನ್ನು ಜನರಿಂದ ಕೇಳುವುದು ಮರ್ಯಾದೆಯಲ್ಲ. ಈ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿ 1956ರವರೆಗೆ ಆ ಆಡಳಿತದಲ್ಲೇ ಇತ್ತು. ಹಾಗಾಗಿ ಹಳೆಯ ಕಂದಾಯ ಮತ್ತು ಅರಣ್ಯ ಕಾಗದಗಳನ್ನು ಬೆಂಗಳೂರಿನಲ್ಲಿ ಮಾತ್ರ ಹುಡುಕಿದರೆ ಸಾಲದು, ಮುಂಬಯಿಯ ಪತ್ರಾಗಾರಕ್ಕೂ ಹೋಗಬೇಕು. ನಿಮ್ಮ ವಿಶ್ವವಿದ್ಯಾಲಯ ಪ್ರಯಾಣಭತ್ಯೆ ಕೊಟ್ಟು ಕಳಿಸಿದರೆ ನೀವು ಅಲ್ಲಿಗೆ ಹೋಗಬಲ್ಲಿರಿ, ಊರಿನವರು ಹೋಗಲಾರರು. ಅಲ್ಲಿ ನಿಮ್ಮ ಊರಿಗೆ ಸಂಬಂಧಿಸಿದ ಕಾಗದ ಕಂಡರೆ ಪ್ರತಿ ಮಾಡಿಸಿ ಊರಿಗೂ ಒಂದು ತನ್ನಿ. ಕೈ ಬೀಸಿಕೊಂಡು ಹೋಗಿ ‘ನಿಮ್ಮ ಇತಿಹಾಸ ಹೇಳಿ’ ಎನ್ನುವುದಕ್ಕಿಂತ, ‘ನಿಮ್ಮೂರಿನ ಬಗ್ಗೆ ಹೀಗೊಂದು ಕಾಗದವಿದೆ, ಇದು ಸರಿಯೇ?’ ಎಂದು ಮುಂದೆ ಇಡುವುದು ಎಷ್ಟೋ ವಾಸಿ.

ಇನ್ನೊಂದನ್ನೂ ವಿಚಾರಿಸಿ: ಆ ಊರಿಗೆ ನಿಮಗಿಂತ ಮೊದಲು ಎಷ್ಟು ಮಂದಿ ಬಂದು ಹೋಗಿದ್ದಾರೆ? ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಉದಾಹರಣೆ ತೆಗೆದುಕೊಳ್ಳಿ. ವಂಶವಾಹಿ ಪರೀಕ್ಷೆಗೆ ರಕ್ತ ಕೇಳಿದವರಿದ್ದಾರೆ, ಆಟೋಟಕ್ಕೆ ಮೈಕಟ್ಟು ಅಳೆದವರಿದ್ದಾರೆ, ಡಮಾಮಿ ಕುಣಿತ ಚಿತ್ರಿಸಿದವರಿದ್ದಾರೆ, ಕೌದಿ ಕೊಂಡುಹೋದವರಿದ್ದಾರೆ. ಬಂದವರ ಬಾಯಲ್ಲಿ ಒಂದೇ ಪ್ರಶ್ನೆ: ಆಫ್ರಿಕಾದ ನೆನಪು ಏನಿದೆ? 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದರ ಹಿಂದಿನ ಓಡಾಟ, ಅದರ ನಂತರದ ಶಾಲೆ, ಜಮೀನು, ಪ್ರಮಾಣಪತ್ರದ ಕಥೆಗಳೂ ಇತಿಹಾಸವೇ. ಅವನ್ನು ಕೇಳುವವರು ಕಡಿಮೆ. ನಿಮ್ಮ ಪ್ರಶ್ನಾವಳಿ ಬರೆಯುವ ಮೊದಲು ಒಮ್ಮೆ ಸುಮ್ಮನೆ ಹೋಗಿ, ರೆಕಾರ್ಡರ್ ಮನೆಯಲ್ಲಿಟ್ಟು ಹೋಗಿ, ‘ನಿಮ್ಮ ಬಗ್ಗೆ ಯಾರಾದರೂ ಬರೆಯುವುದಾದರೆ ಏನು ಬರೆಯಬೇಕು?’ ಎಂದು ಕೇಳಿ ಬನ್ನಿ. ಅಲ್ಲಿ ಸಿಕ್ಕ ಉತ್ತರದಿಂದ ನಿಮ್ಮ ಪ್ರಬಂಧದ ವಿಷಯವೇ ಬದಲಾದರೆ ಗಾಬರಿಯಾಗಬೇಡಿ. ಮಾರ್ಗದರ್ಶಕರಿಗೆ ಹೇಳಲು ಅದಕ್ಕಿಂತ ಒಳ್ಳೆಯ ಕಾರಣ ಸಿಗುವುದಿಲ್ಲ.

ಕಾಲ ನೋಡಿ ಹೋಗಬೇಕು. ನಮ್ಮ ಪರೀಕ್ಷೆ ಮುಗಿದ ತಿಂಗಳು ಅವರ ಬಿಡುವಿನ ತಿಂಗಳಾಗಿರಬೇಕಿಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ; ಆಗ ಬಂದರಿನವರಿಗೆ ಸಮಯವಿರುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ. ನಾಲ್ಕು ಜನ ವಿದ್ಯಾರ್ಥಿಗಳಿಗೆ ಚಹಾ ಮಾಡುವುದೂ ಆ ಮನೆಗೆ ಖರ್ಚೇ. ಅಘನಾಶಿನಿ ನದಿಯ ಅಳಿವೆಯಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ತೆಗೆಯುವ ಹೆಂಗಸರು ನೀರು ಇಳಿದಾಗ ಹೊಳೆಗೆ ಇಳಿಯುತ್ತಾರೆ. ಅವರ ದಿನಚರಿ ಗಡಿಯಾರಕ್ಕಿಂತ ತಿಥಿಯನ್ನು ನೆಚ್ಚಿದ್ದು. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಕೊಯ್ಲಿನಲ್ಲಿ ಹಗಲು ಮಾತನಾಡಿಸಲಾಗದು. ರಾತ್ರಿ ಅಡಿಕೆ ಸುಲಿಯುವಾಗ ಮಾತು ತಾನಾಗಿ ಹೊರಡುತ್ತದೆ. ಆದರೆ ನೀವೂ ಮೆಟ್ಟುಗತ್ತಿಯ ಮುಂದೆ ಕೂತು ನಾಲ್ಕು ಅಡಿಕೆ ಸುಲಿದರೆ ಮಾತ್ರ. ಎಲ್ಲರ ಕೈ ಓಡುತ್ತಿರುವಾಗ ಒಬ್ಬರೇ ಪುಸ್ತಕ ಹಿಡಿದು ಕೂತಿದ್ದರೆ ಕಥೆ ಹೊರಡುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆಯ ವಾರ ಶಿರಸಿಗೆ ಹೋಗುವುದಾದರೆ ಜಾತ್ರೆ ನೋಡಲು ಹೋಗಿ.

ಯಾರನ್ನು ಕೇಳಿ ಒಳಗೆ ಹೋಗುವುದು

ಹಾಲಕ್ಕಿ ಒಕ್ಕಲಿಗ ಸಮುದಾಯದ ಕೊಪ್ಪಕ್ಕೆ ಒಬ್ಬ ಗೌಡ ಇರುತ್ತಾನೆ, ಅವನಿಗೆ ಸಲಹೆ ಹೇಳುವ ಬುಧವಂತ ಇರುತ್ತಾನೆ, ಸುದ್ದಿ ಮುಟ್ಟಿಸುವ ಕೋಲಕಾರ ಇರುತ್ತಾನೆ. ಮೀನುಗಾರರ ಕೇರಿಗೆ ಅದರದೇ ಹಿರಿಯರು, ಭಟ್ಕಳದ ನವಾಯತ ಮುಸ್ಲಿಮರಿಗೆ ಅವರದೇ ಜಮಾತು, ಯಕ್ಷಗಾನ ಮೇಳಕ್ಕೆ ಯಜಮಾನರು. ಇವರನ್ನು ಬಿಟ್ಟು ನೇರ ಮನೆಗೆ ನುಗ್ಗಬಾರದು. ಇಷ್ಟು ಎಲ್ಲ ಕೈಪಿಡಿಗಳೂ ಹೇಳುತ್ತವೆ.

ಅವು ಹೇಳದಿರುವ ಮಾತೊಂದಿದೆ. ಗೌಡನು ಹೂಂ ಎಂದ ಮೇಲೆ ಹಾಡುವ ಹೆಂಗಸಿಗೆ ಬೇಡ ಎನ್ನಲು ಧೈರ್ಯ ಸಾಲದು. ಅಂಗಳದಲ್ಲಿ ಗೌಡ, ಪಂಚಾಯಿತಿ ಸದಸ್ಯ, ನಿಮ್ಮನ್ನು ಕರೆತಂದ ಮಾಸ್ತರು ಮೂವರೂ ಕುರ್ಚಿ ಹಾಕಿ ಕೂತಿರುವಾಗ ‘ಒಂದು ಹಾಡು ಹೇಳೇ’ ಎಂದರೆ ಆಕೆ ಹೇಳಿಯೇ ಹೇಳುತ್ತಾಳೆ. ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ. ಹಿರಿಯರ ಅನುಮತಿ ಊರೊಳಗೆ ಕಾಲಿಡಲು. ಹಾಡಲು ಬೇಕಾದದ್ದು ಹಾಡುವವಳ ಅನುಮತಿ. ಎರಡನೆಯದನ್ನು ಕೇಳಲು ಇನ್ನೊಂದು ದಿನ, ಬೇರೆ ಹೊತ್ತಿನಲ್ಲಿ, ಸಾಧ್ಯವಾದರೆ ಒಬ್ಬ ಹೆಣ್ಣುಮಗಳ ಜೊತೆ ಹೋಗಿ.

ಕರೆತಂದ ಮಾಸ್ತರ ಬಗ್ಗೆಯೂ ಒಂದು ಮಾತು. ಪ್ರತಿ ತಾಲೂಕಿನಲ್ಲೂ ಹೊರಗಿನವರನ್ನು ಊರಿಗೆ ಕರೆದೊಯ್ಯುವ ಒಬ್ಬಿಬ್ಬರು ಇರುತ್ತಾರೆ. ಒಳ್ಳೆಯವರೇ. ಆದರೆ ಅವರು ಕರೆದೊಯ್ಯುವುದು ಪ್ರತಿ ಸಲ ಅದೇ ನಾಲ್ಕು ಮನೆಗೆ. ಆ ನಾಲ್ಕು ಮನೆಯ ಮಾತು ಇಡೀ ಸಮುದಾಯದ ಮಾತಾಗಿ ಅಚ್ಚಾಗುತ್ತದೆ. ಐದನೆಯ ಮನೆಯನ್ನು ನೀವೇ ಹುಡುಕಿಕೊಳ್ಳಬೇಕು.

ಭಾಷೆಯನ್ನೂ ಮೊದಲೇ ನೋಡಿಕೊಳ್ಳಿ. ಖಾರ್ವಿ ಕೇರಿಯಲ್ಲಿ ಕೊಂಕಣಿ, ಜೋಯಿಡಾದ ಕುಣಬಿಗಳಲ್ಲಿ ಇನ್ನೊಂದು ಬಗೆಯ ಕೊಂಕಣಿ, ಗೌಳಿಗಳ ದೊಡ್ಡಿಯಲ್ಲಿ ಮರಾಠಿ. ದುಭಾಷಿಯಾಗಿ ಬರುವವರು ಅದೇ ಮನೆಯ ಸೊಸೆಯಾಗಿದ್ದರೆ ಅತ್ತೆಯ ಮಾತು ಎಷ್ಟು ಬರುತ್ತದೆ, ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ಒಪ್ಪಿಗೆ ಕೇಳುವ ಬಗೆ

ಇಂಗ್ಲಿಷಿನಿಂದ ಇಳಿಸಿದ ಎರಡು ಪುಟದ ನಮೂನೆಯನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪದ್ಧತಿ ಬಿಡಬೇಕು. ಈ ಕಡೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡ ಕಥೆಯಿಲ್ಲದ ಕೇರಿಯಿಲ್ಲ. ಶಾಯಿ ಡಬ್ಬಿ ತೆರೆದ ಕ್ಷಣಕ್ಕೆ ಮುಖ ಬದಲಾಗುತ್ತದೆ. ಬಾಯಿಮಾತಿನಲ್ಲಿ ಕೇಳಿ, ಆ ಕೇಳಿದ್ದನ್ನೂ ಉತ್ತರವನ್ನೂ ಧ್ವನಿಮುದ್ರಣದ ಆರಂಭದಲ್ಲೇ ದಾಖಲಿಸಿ. ಹೆಚ್ಚುಕಡಿಮೆ ಹೀಗೆ:

‘ಅಮ್ಮಾ, ನಾನು ಇಂಥ ಕಾಲೇಜಿನಿಂದ ಬಂದಿದ್ದೇನೆ. ನೀವು ಹೇಳುವುದು ಈ ಯಂತ್ರದಲ್ಲಿ ದಾಖಲಾಗುತ್ತದೆ. ಇದರಿಂದ ನನಗೆ ಪದವಿ ಸಿಗುತ್ತದೆ. ನಿಮಗೆ ಮಾಸಾಶನ, ಮನೆ, ಪ್ರಶಸ್ತಿ ಯಾವುದೂ ಇದರಿಂದ ಬರುವುದಿಲ್ಲ, ಕೊಡಿಸುವ ಶಕ್ತಿಯೂ ನನಗಿಲ್ಲ. ನಾನು ಬರೆದದ್ದನ್ನು ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಓದಬಹುದು. ನಿಮ್ಮ ಹೆಸರು ಹಾಕಲೋ ಬೇಡವೋ ನೀವೇ ಹೇಳಬೇಕು. ನಡುವೆ ಬೇಡವೆನಿಸಿದರೆ ನಿಲ್ಲಿಸೋಣ. ನಾಳೆ ಬೇಡವೆನಿಸಿದರೆ ನಾಳೆ ಅಳಿಸುತ್ತೇನೆ. ಪುಸ್ತಕ ಅಚ್ಚಾದ ಮೇಲೆ ಮಾತ್ರ ನನ್ನ ಕೈಯಲ್ಲಿ ಇರುವುದಿಲ್ಲ.’

ಮಾಸಾಶನದ ಮಾತು ಸೇರಿಸಿದ್ದು ಸುಮ್ಮನಲ್ಲ. ಬ್ಯಾಗು ಹಾಕಿಕೊಂಡು ಹೆಸರು, ವಯಸ್ಸು ಬರೆದುಕೊಳ್ಳುವ ಯಾರನ್ನು ಕಂಡರೂ ಸರ್ಕಾರದ ಕಡೆಯವರಿರಬೇಕು ಎಂಬ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ತಿದ್ದದೆ ಬಿಟ್ಟರೆ ಹಾಡು ಚೆನ್ನಾಗಿ ಬರುತ್ತದೆ, ನಿಜ. ಆದರೆ ಅದು ಮೋಸದ ಗಳಿಕೆ.

ಬೇಡ ಎನ್ನುವುದನ್ನು ನಮ್ಮ ಜನ ನೇರವಾಗಿ ಹೇಳುವುದಿಲ್ಲ. ‘ನಾಳೆ ನೋಡುವ’, ‘ಮಗ ಮನೆಗೆ ಬರಲಿ’, ‘ಈಗ ದನಿ ಸರಿಯಿಲ್ಲ’, ‘ನನಗಿಂತ ಆಚೆಮನೆಯವಳಿಗೆ ಹೆಚ್ಚು ಗೊತ್ತು’ ಇವೆಲ್ಲ ಬೇಡ ಎಂಬುದರ ಮರ್ಯಾದೆಯ ರೂಪಗಳು. ಒಮ್ಮೆ ಕೇಳಿದರೆ ಕೇಳಿದಂತೆ, ಎರಡನೆಯ ಸಲ ಕೇಳಿದರೆ ಒತ್ತಾಯ. ಹದಿನೆಂಟು ತುಂಬದವರನ್ನು ಮಾತನಾಡಿಸುವುದಾದರೆ ತಂದೆತಾಯಿಯ ಒಪ್ಪಿಗೆಯೂ ಬೇಕು, ಮಗುವಿನ ಮನಸ್ಸೂ ಬೇಕು.

ಕೆಲವು ಹಾಡು ಕೆಲವು ಸಂದರ್ಭಕ್ಕೇ ಮೀಸಲು. ಸಾವಿನ ಹಾಡನ್ನು ಸಾವಿಲ್ಲದ ಮನೆಯಲ್ಲಿ ಹೇಳಿಸುವುದು, ದೇವರ ಪದವನ್ನು ಹೊತ್ತಲ್ಲದ ಹೊತ್ತಿನಲ್ಲಿ ಹೇಳಿಸುವುದು ಬೇಡ. ‘ಸಂಶೋಧನೆಗಾಗಿ ಒಮ್ಮೆ’ ಎಂಬ ವಿನಾಯಿತಿಯನ್ನು ಕೊಡಬೇಕಾದವರು ಅವರು, ತೆಗೆದುಕೊಳ್ಳಬೇಕಾದವರು ನೀವಲ್ಲ.

ಕೇಳಬಾರದ್ದು ಕಿವಿಗೆ ಬಿದ್ದಾಗ

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಜಿಲ್ಲೆಯ ಕ್ಷೇತ್ರಕಾರ್ಯದಲ್ಲಿ ನಿಜವಾದ ಅಪಾಯ ಇರುವುದು ಇಲ್ಲೇ.

ಹಾಡಿನ ನಡುವೆ ಅಜ್ಜಿಯೊಬ್ಬಳು ಹೇಳುತ್ತಾಳೆ ಎಂದಿಟ್ಟುಕೊಳ್ಳಿ: ‘ನಾನು ಮದುವೆಯಾಗಿ ಬಂದಾಗ ಇಲ್ಲಿ ಬರೀ ಕಾಡು. ನಾನೂ ಯಜಮಾನರೂ ಕಡಿದು ಈ ಗದ್ದೆ ಮಾಡಿದೆವು.’ ಪ್ರಬಂಧಕ್ಕೆ ಇದಕ್ಕಿಂತ ಚೆಂದದ ವಾಕ್ಯ ಬೇಕೇ? ಈಗ ಕಾನೂನು ನೋಡಿ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನೆಚ್ಚಿ ಬದುಕಿದ್ದನ್ನು ತೋರಿಸಬೇಕು. ಲೆಕ್ಕ ಹಾಕಿದರೆ 1930ರ ಹತ್ತಿರಕ್ಕೆ ಹೋಗುತ್ತದೆ. ಹಾಲಕ್ಕಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ, ಅವರಿಗೆ ಈ ಷರತ್ತು ಅನ್ವಯ. ಅಜ್ಜಿಯ ಮದುವೆ 1960ರ ಆಸುಪಾಸಿನದಾದರೆ, ಆಕೆಯ ಹೆಸರು, ಊರು, ಮಾತು ಮೂರನ್ನೂ ಸೇರಿಸಿ ನೀವು ಅಚ್ಚು ಹಾಕಿದ ಸಾಲು ಆ ಮನೆಯ ಅರ್ಜಿಗೆ ವಿರುದ್ಧದ ಸಾಕ್ಷಿಯಂತೆ ಓದಿಸಿಕೊಳ್ಳಬಹುದು. ಪ್ರಬಂಧ ಯಾರು ಓದುತ್ತಾರೆ ಎನ್ನಬೇಡಿ. ಪಿಎಚ್‌ಡಿ ಪ್ರಬಂಧಗಳು ಈಗ ಶೋಧಗಂಗಾ ಜಾಲತಾಣಕ್ಕೆ ಏರುತ್ತವೆ. ಊರಿನ ಹೆಸರು ಹಾಕಿ ಹುಡುಕಿದವರಿಗೆಲ್ಲ ಸಿಗುತ್ತವೆ.

ಇದರ ಇನ್ನೊಂದು ಮಗ್ಗುಲೂ ಇದೆ. ಅದೇ ಕಾಯ್ದೆಯ ನಿಯಮಗಳು ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯನ್ನು ಪುರಾವೆಯಾಗಿ ಒಪ್ಪುತ್ತವೆ. ಅಂದರೆ ನೀವು ದಾಖಲಿಸಿದ ಇನ್ನೊಬ್ಬ ಅಜ್ಜನ ನೆನಪು ಊರಿಗೆ ನೆರವಾಗಲೂಬಹುದು. ಯಾವುದು ನೆರವು, ಯಾವುದು ತೊಡಕು ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ನಿಮ್ಮ ಕೆಲಸ ಇಷ್ಟು: ಜಮೀನು, ವಲಸೆ, ಕಾಡು ಕಡಿದದ್ದು, ಗಡಿ ವ್ಯಾಜ್ಯ ಇವುಗಳ ಮಾತು ಬಂದ ಕೂಡಲೇ ರೆಕಾರ್ಡರ್ ನಿಲ್ಲಿಸಿ, ‘ಇದನ್ನು ಇಟ್ಟುಕೊಳ್ಳಲೇ?’ ಎಂದು ಕೇಳಿ. ಇಟ್ಟುಕೊಳ್ಳಿ ಎಂದರೂ ಆ ಭಾಗವನ್ನು ಹಾಡಿನ ಕಡತದಿಂದ ಬೇರ್ಪಡಿಸಿ. ಇಸವಿ ಮತ್ತು ಸರ್ವೆ ನಂಬರು ಪ್ರಬಂಧದಲ್ಲಿ ಬೇಡ. ಊರಿನ ಅರಣ್ಯ ಹಕ್ಕು ಸಮಿತಿಯವರು ತಾವಾಗಿ ಬಂದು ಆ ಧ್ವನಿಮುದ್ರಣ ಬೇಕೆಂದರೆ, ಹೇಳಿದವರನ್ನು ಕೇಳಿ ಕೊಡಿ.

ಹಾಲಕ್ಕಿಗಳು ನುಡಿಸುವ ಗುಮಟೆ ಎಂಬ ವಾದ್ಯದ ವಿಷಯಕ್ಕೆ ಬರೋಣ. ಮಣ್ಣಿನ ಗಡಿಗೆ, ಒಂದು ಬಾಯಿಗೆ ಬಿಗಿದ ಚರ್ಮ, ಇನ್ನೊಂದು ಬಾಯಿ ತೆರೆದದ್ದು. ಎಡಗೈ ಆ ತೆರೆದ ಬಾಯಿಯನ್ನು ಮುಚ್ಚಿ ತೆರೆದು ನಾದ ತಿದ್ದುತ್ತದೆ. ಪರಂಪರೆಯಲ್ಲಿ ಆ ಚರ್ಮ ಉಡದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಡ ಮೊದಲನೆಯ ಅನುಸೂಚಿಯ ಪ್ರಾಣಿ. ಹುಲಿಗಿರುವ ಕಾವಲೇ ಅದಕ್ಕೂ. ನೀವು ವಾದ್ಯದ ಹತ್ತಿರದ ಚಿತ್ರ ತೆಗೆದು, ಕೆಳಗೆ ‘ಉಡದ ಚರ್ಮದ ಗುಮಟೆ’ ಎಂದು ಬರೆದು, ನುಡಿಸಿದವರ ಹೆಸರು ಮತ್ತು ಊರು ಕೊಟ್ಟರೆ ಶೀರ್ಷಿಕೆ ಬರೆದಂತಾಗುವುದಿಲ್ಲ, ದೂರು ಬರೆದಂತಾಗುತ್ತದೆ. ಚರ್ಮ ಅಜ್ಜನ ಕಾಲದ್ದೋ ಹೋದ ವರ್ಷದ್ದೋ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ವಾದ್ಯದ ರಚನೆಯನ್ನು ಸಾಮಾನ್ಯವಾಗಿ ವಿವರಿಸಿ, ರೇಖಾಚಿತ್ರ ಹಾಕಿ. ನುಡಿಸುವವರ ಹೆಸರನ್ನು ಹಾಡಿನ ಜೊತೆ ಕೊಡಿ, ಚರ್ಮದ ಜೊತೆ ಬೇಡ. ಈಗ ಆಡಿನ ಚರ್ಮ ಬಿಗಿದು ನುಡಿಸುವವರೂ ಇದ್ದಾರೆ, ಅದನ್ನೂ ಬರೆಯಿರಿ.

‘ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಎಂದೂ ಮಾತು ಕೊಡಬೇಡಿ. ವಕೀಲರಿಗೆ ಕಕ್ಷಿದಾರರ ಗುಟ್ಟು ಕಾಯಲು ಕಾನೂನಿನ ಬೆಂಬಲವಿದೆ, ಸಂಶೋಧಕರಿಗೆ ಅಂಥದ್ದೇನೂ ಇಲ್ಲ. ನ್ಯಾಯಾಲಯ ಕರೆದರೆ ನಿಮ್ಮ ಟಿಪ್ಪಣಿ ಪುಸ್ತಕ ಮೇಜಿನ ಮೇಲೆ ಇಡಬೇಕಾಗುತ್ತದೆ. ಬರೆಯದೇ ಬಿಟ್ಟದ್ದು ಮಾತ್ರ ಗುಟ್ಟಾಗಿ ಉಳಿಯುತ್ತದೆ.

ನಾಟಿ ಔಷಧದ ವಿಚಾರವೂ ಹೀಗೆಯೇ. ಬೇರಿನ ಹೆಸರು, ಅಳತೆ, ಅನುಪಾನ ಎಲ್ಲವನ್ನೂ ಜಾನಪದ ಎಂದು ಬರೆದುಬಿಟ್ಟರೆ ಆ ಮನೆತನ ಅದನ್ನು ವಾಪಸು ಪಡೆಯಲಾರದು. 2002ರ ಜೀವವೈವಿಧ್ಯ ಕಾಯ್ದೆಯಡಿ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅಂಥ ತಿಳಿವಳಿಕೆಯನ್ನು ಎಲ್ಲಿ ಎಷ್ಟು ಬರೆದಿಡಬೇಕೆಂದು ಅವರ ಜೊತೆ ಕೂತು ಮಾತನಾಡಿ. ನೀವು ಮಾನವಿಕದವರು, ನಿಮಗೆ ಬೇಕಾದದ್ದು ಮದ್ದು ಕೀಳುವಾಗ ಹೇಳುವ ಮಂತ್ರ, ಕೀಳಬಾರದ ದಿನ, ಗುರುವಿನ ಕಥೆ. ಅಳತೆ ನಿಮಗೇಕೆ?

ದೇವರಕಾಡು, ಜೇನುಮರ, ಬಳಚಿನ ದಿಬ್ಬ ಇವುಗಳ ಚಿತ್ರ ತೆಗೆಯುವ ಮೊದಲು ಮೊಬೈಲಿನಲ್ಲಿ ಸ್ಥಳ ಗುರುತಿಸುವ ಸೌಲಭ್ಯ ಆರಿಸಿ. ಕಾರವಾರದ ಅರಗಾ, ಬಿಣಗಾ ಕಡೆ ಹೋದವರು ನೌಕಾನೆಲೆಯ ದಿಕ್ಕಿಗೆ ಕ್ಯಾಮೆರಾ ತಿರುಗಿಸದಿದ್ದರೆ ಅವರಿಗೂ ಕ್ಷೇಮ, ಜೊತೆ ಬಂದ ಊರವರಿಗೂ ಕ್ಷೇಮ.

2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ಜೀವಗಳೂ ಗಂಗಾವಳಿ ನದಿಗೆ ಹೋದವು. ಆಚೆ ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿತು. ಅಂಥ ಊರಿಗೆ ‘ವಿಪತ್ತಿನ ಕಥನ’ ಸಂಗ್ರಹಿಸಲು ಹೋಗುವವರಿಗೆ ಒಂದೇ ಸಲಹೆ: ಅವರಾಗಿ ಕರೆಯುವವರೆಗೆ ಹೋಗಬೇಡಿ.

ದುಡ್ಡು

ಕೊಡಬೇಕು. ದುಡ್ಡು ಕೊಟ್ಟರೆ ಜಾನಪದ ಕೆಡುತ್ತದೆ ಎಂಬ ವಾದವನ್ನು ಸಂಬಳ ತೆಗೆದುಕೊಳ್ಳುವವರು ಮಾಡುವುದು ಚೆನ್ನಾಗಿ ಕಾಣುವುದಿಲ್ಲ. ಅರ್ಧ ದಿನ ಕೂರಿಸಿದರೆ ಅರ್ಧ ದಿನದ ಕೂಲಿ, ಆ ಊರಿನ ದರದಲ್ಲಿ. ಗುಂಪು ಹಾಡಿದರೆ ಗುಂಪಿನ ಎಲ್ಲರಿಗೂ ಸಮನಾಗಿ, ಪ್ರತಿಯೊಬ್ಬರ ಕೈಗೇ. ಮುಂದಾಳುವಿನ ಕೈಗೆ ಒಟ್ಟಾಗಿ ಕೊಟ್ಟು ‘ಹಂಚಿಕೊಳ್ಳಿ’ ಎಂದು ಬಂದರೆ ನೀವು ಹೋದ ಮೇಲೆ ಜಗಳ ಉಳಿಯುತ್ತದೆ. ಹಾಡಿಗೆ ಇಷ್ಟೆಂದು ಎಣಿಸಿ ಕೊಡಬೇಡಿ. ಮುಂಚೆಯೇ ಹೇಳಿ, ಕೊಟ್ಟದ್ದನ್ನು ಪ್ರಬಂಧದಲ್ಲೂ ಬರೆಯಿರಿ.

ಎಲೆ ಅಡಿಕೆ ಒಯ್ಯುವುದು ಪದ್ಧತಿ, ಒಯ್ಯಿರಿ. ‘ಎರಡು ಗುಟುಕು ಬಿದ್ದರೆ ಹಾಡು ಬರುತ್ತದೆ’ ಎಂದು ಬಾಟಲಿ ಒಯ್ಯುವವರ ಬಗ್ಗೆ ಹೇಳಲೇಬೇಕು: ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ಹಾಡಿನ ಕೋಗಿಲೆ ಎಂದು ನಾವು ಕೊಂಡಾಡುತ್ತೇವೆ, ಆಕೆ ತಮ್ಮ ಊರಿನಲ್ಲಿ ಸಾರಾಯಿಯ ವಿರುದ್ಧ ಹೋರಾಡಿದವರೂ ಹೌದು. ಹಾಡು ಬೇಕು, ಹೋರಾಟ ಬೇಡ ಎಂದರೆ ಹೇಗೆ?

ಹೆಸರು ಹಾಕುವುದೋ ಬಿಡುವುದೋ

ಸಮಾಜವಿಜ್ಞಾನದ ಕೈಪಿಡಿಗಳು ಹೆಸರು ಮರೆಮಾಡಿ ಎನ್ನುತ್ತವೆ. ಕಲೆಯ ವಿಷಯದಲ್ಲಿ ಅದೇ ಅನ್ಯಾಯವಾಗಬಹುದು. ಪದ ಕಟ್ಟಿದವರ, ಹಾಡಿದವರ ಹೆಸರು ಬಿಟ್ಟು ‘ಒಬ್ಬ ಹಾಲಕ್ಕಿ ಮಹಿಳೆ’ ಎಂದು ಬರೆದು, ಮುಖಪುಟದಲ್ಲಿ ಸಂಗ್ರಹಕಾರರ ಹೆಸರು ದಪ್ಪಕ್ಷರದಲ್ಲಿ ಹಾಕಿಕೊಂಡರೆ ಏನೆನ್ನಬೇಕು? 2017ರ ಪದ್ಮಶ್ರೀಯಿಂದ ಸುಕ್ರಜ್ಜಿಯ ಹೆಸರು ದೇಶಕ್ಕೆ ಗೊತ್ತಾಯಿತು. ಆದರೆ ಹಾಲಕ್ಕಿ ಹಾಡು ಒಬ್ಬರ ದನಿಯಲ್ಲ. ಒಬ್ಬರು ಎತ್ತಿಕೊಂಡದ್ದನ್ನು ಉಳಿದವರು ಹಿಡಿಯುತ್ತಾರೆ. ಹಿಡಿದವರ ಹೆಸರನ್ನೂ ಬರೆದುಕೊಳ್ಳಿ.

ಹಾಗಾಗಿ ನಿಯಮ ಹೀಗಿರಲಿ: ಹಾಡು, ಕಥೆ, ಕುಣಿತ, ಕೌದಿ ಇವಕ್ಕೆ ಹೆಸರು ಹಾಕುವುದೇ ವಾಡಿಕೆ, ಬೇಡವೆಂದರೆ ಬಿಡಿ. ಜಮೀನು, ಜಗಳ, ಮದ್ದು, ಮನೆವಾರ್ತೆ ಇವಕ್ಕೆ ಹೆಸರು ಬಿಡುವುದೇ ವಾಡಿಕೆ, ಬೇಕೆಂದು ಒತ್ತಾಯಿಸಿದರೆ ಮಾತ್ರ ಹಾಕಿ. ಹೆಸರು ಬದಲಿಸಿದ ಮಾತ್ರಕ್ಕೆ ಮರೆಯಾಗುವುದಿಲ್ಲ ಎಂಬುದೂ ನೆನಪಿರಲಿ. ಹದಿನೈದು ಮನೆಯ ಕೊಪ್ಪದಲ್ಲಿ ‘ಎಪ್ಪತ್ತರ ವಿಧವೆ, ಮಗ ಗೋವೆಯಲ್ಲಿ ಕೆಲಸ’ ಎಂದರೆ ಅಲ್ಲಿಯ ಮಕ್ಕಳೂ ಗುರುತು ಹಿಡಿಯುತ್ತಾರೆ.

ಧ್ವನಿಮುದ್ರಣ ಯಾರದು

1957ರ ಹಕ್ಕುಸ್ವಾಮ್ಯ ಕಾಯ್ದೆಯ ಕಣ್ಣಿನಲ್ಲಿ ಧ್ವನಿಮುದ್ರಣದ ಒಡೆತನ ಸಾಮಾನ್ಯವಾಗಿ ಅದನ್ನು ಮಾಡಿಸಿದವರದು, ಹಾಡಿದವರದಲ್ಲ. ಹಾಡಿದವರಿಗೆ ಪ್ರದರ್ಶಕರ ಹಕ್ಕು ಎಂಬುದು ಬೇರೆ ಇದೆ, 50 ವರ್ಷಗಳವರೆಗೆ. ಇಡೀ ಸಮುದಾಯಕ್ಕೆ ಸೇರಿದ ಹಾಡಿನ ಧಾಟಿಗೆ ಕಾನೂನಿನಲ್ಲಿ ಒಡೆಯರೇ ಇಲ್ಲ. ಹೀಗಾಗಿ ಒಂದು ಪುಟದ ಕನ್ನಡ ಕಾಗದ ಮಾಡಿಕೊಳ್ಳಿ: ಓದಿಗೆ ಮತ್ತು ಪಾಠಕ್ಕೆ ಬಳಸಬಹುದು, ಸಿನಿಮಾ, ಜಾಹೀರಾತು, ಯೂಟ್ಯೂಬಿನ ಗಳಿಕೆಗೆ ಬಳಸಬೇಕಾದರೆ ಮತ್ತೆ ಬಂದು ಕೇಳಬೇಕು, ಹಾಡಿದವರು ತೀರಿಹೋದರೆ ಯಾರನ್ನು ಕೇಳಬೇಕೆಂದು ಅವರೇ ಹೆಸರಿಸಲಿ.

ಮೊಬೈಲಿನ ಚಿತ್ರಗಳು ತಾವಾಗಿ ಎಲ್ಲಿಗೋ ಏರಿ ಕೂರುವ ವ್ಯವಸ್ಥೆಯನ್ನು ನಿಲ್ಲಿಸಿ. ಪ್ರಬಂಧ ಮುಗಿದ ಮೇಲೆ ಹಾರ್ಡ್ ಡಿಸ್ಕ್ ಯಾರ ಬಳಿ ಇರುತ್ತದೆ, ಪಾಸ್‌ವರ್ಡ್ ಯಾರಿಗೆ ಗೊತ್ತು ಎಂಬುದನ್ನು ಮೊದಲೇ ಬರೆದಿಡಿ. ಮೇಷ್ಟ್ರು ನಿವೃತ್ತರಾದ ದಿನ ಅವರ ಕಪಾಟಿನ ಕ್ಯಾಸೆಟ್ಟುಗಳು ಏನಾಗುತ್ತವೆ ಎಂಬುದನ್ನು ನಮ್ಮ ಯಾವ ವಿಭಾಗದಲ್ಲಿ ಬೇಕಾದರೂ ಹೋಗಿ ನೋಡಬಹುದು.

ಬರೆಯುವಾಗ, ಬರೆದ ಮೇಲೆ

ಮುಂಬಯಿ ಸರ್ಕಾರ 1883ರಲ್ಲಿ ತಂದ ಜಿಲ್ಲಾ ವಿವರಗಳ ಗ್ರಂಥ ಕೆನರಾ ಗ್ಯಾಝೆಟಿಯರ್ ಇಲ್ಲಿಯ ಜಾತಿಗಳನ್ನು ಬಣ್ಣ, ಉಡುಪು, ಸ್ವಭಾವದ ಸಮೇತ ವರ್ಣಿಸಿತು: ಇವರು ಶ್ರಮಜೀವಿಗಳು, ಇವರು ಮಿತವ್ಯಯಿಗಳು ಎಂಬ ಧಾಟಿ. ಆ ಧಾಟಿ ನಮ್ಮ ಪ್ರಬಂಧಗಳ ಎರಡನೆಯ ಅಧ್ಯಾಯದಲ್ಲಿ ಇನ್ನೂ ಜೀವಂತವಾಗಿದೆ. ‘ಮುಗ್ಧರು’, ‘ನಾಗರಿಕತೆಯಿಂದ ದೂರ ಉಳಿದವರು’ ಎಂಬ ಮಾತುಗಳನ್ನು ಒರೆಸಿಹಾಕಿ. ಅವರ ಮೊಮ್ಮಕ್ಕಳು ಕಾರವಾರದ ಕಾಲೇಜಿನಲ್ಲಿ ಕೂತು ನಿಮ್ಮ ಪ್ರಬಂಧ ಓದುತ್ತಾರೆ.

ದಕ್ಷಿಣ ಆಫ್ರಿಕಾದ ಮೂಲನಿವಾಸಿಗಳಾದ ಸಾನ್ ಜನ 2017ರಲ್ಲಿ ತಮ್ಮಲ್ಲಿಗೆ ಬರುವ ಸಂಶೋಧಕರಿಗೆ ತಾವೇ ಒಂದು ಸಂಹಿತೆ ಬರೆದು ಪ್ರಕಟಿಸಿದರು: ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಸರಿಯಾದ ಕ್ರಮ. ಪ್ರಕಟಣೆಗೆ ಮೊದಲು ಕರಡು ತಮಗೆ ತೋರಿಸಬೇಕೆಂಬುದು ಅದರ ಬೇಡಿಕೆಗಳಲ್ಲೊಂದು. ಇದನ್ನು ಇಲ್ಲಿಯೂ ಮಾಡಬಹುದು. ಕರಡನ್ನು ಕೊಟ್ಟು ಬರುವುದಲ್ಲ, ಕೂತು ಓದಿ ಹೇಳಬೇಕು. ಒಂದು ಸಂಜೆ ಸಾಕು. ಅವರು ಹೇಳಿದ ಸಂಗತಿ ತಪ್ಪಾಗಿ ಬಂದಿದ್ದರೆ ತಿದ್ದಿ. ನಿಮ್ಮ ವಿಶ್ಲೇಷಣೆ ಅವರಿಗೆ ಒಪ್ಪಿಗೆಯಾಗದಿದ್ದರೆ ತಿದ್ದಬೇಕೆಂದಿಲ್ಲ; ಅವರ ಅಸಮ್ಮತಿಯನ್ನು ಅವರ ಮಾತಿನಲ್ಲೇ ಪಕ್ಕದಲ್ಲಿ ಅಚ್ಚು ಹಾಕಿ. ಊರಿನ ದೊಡ್ಡವರು ‘ಈ ಜಾತಿಭೇದದ ಮಾತು ತೆಗೆಯಿರಿ, ಊರಿಗೆ ಕೆಟ್ಟ ಹೆಸರು’ ಎಂದರೆ ಮೊದಲು ಆ ಭೇದ ಉಂಡವರನ್ನು ಕೇಳಿ. ಸಮುದಾಯ ಎಂದರೆ ಮುಂದಿನ ಸಾಲಿನಲ್ಲಿ ಕೂತವರಷ್ಟೇ ಅಲ್ಲ.

ಮರಳಿಸುವಾಗ ಅವರು ಬಳಸಬಲ್ಲ ರೂಪದಲ್ಲಿ ಕೊಡಿ. ಜಾಲತಾಣದ ಕೊಂಡಿಯಿಂದ ಅಜ್ಜಿಗೆ ಉಪಯೋಗವಿಲ್ಲ. ಹಾಡನ್ನು ಮೆಮೊರಿ ಕಾರ್ಡಿಗೆ ಹಾಕಿ ಮೊಮ್ಮಗನ ಮೊಬೈಲಿನಲ್ಲಿ ಕೇಳಿಸಿ ಬನ್ನಿ. ಚಿತ್ರಗಳ ಕಾಗದದ ಪ್ರತಿ ಕೊಡಿ. ಪ್ರಬಂಧದ ಸಾರವನ್ನು ಹತ್ತು ಪುಟದ ಸರಳ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಒಂದು, ಶಾಲೆಗೆ ಒಂದು, ಮಾತನಾಡಿದ ಪ್ರತಿ ಮನೆಗೆ ಒಂದು ಕೊಡಿ. ಕೊನೆಯಲ್ಲಿ ಎರಡು ಪುಟ ಖಾಲಿ ಬಿಟ್ಟು, ತಿದ್ದುಪಡಿ ಬರೆಯಲು ಜಾಗ ಮತ್ತು ನಿಮ್ಮ ಫೋನ್ ನಂಬರು ಹಾಕಿ. ಮುಂದಿನ ವರ್ಷ ಸುಗ್ಗಿಗೆ ಹೋದಾಗ ಆ ಪುಟಗಳನ್ನು ಕೇಳಿ ಪಡೆಯಿರಿ. ಪ್ರಬಂಧ ಪುಸ್ತಕವಾಗುವುದಾದರೆ ಅಚ್ಚಿಗೆ ಹೋಗಬೇಕಾದದ್ದು ಅವು ಸೇರಿದ ಪ್ರತಿ.